ಹಸುವಿಗೆ ಮೂರು ದಿಂಬು

ಓಷ್, ೧೧ ಜೂನ್ ೧೯೯೬

...ಎದೆ ಮೊದಲು ಹೆದರುತ್ತದೆ, ಕಾಲು ಆಮೇಲೆ ಎಂದಿದ್ದೆ ನೀನು. ಅದರ ಬೆನ್ನಿಗೆ ಇನ್ನೊಂದು ಮಾತೂ ಇತ್ತು, ಅದು ನೆನಪಾಗುತ್ತಿಲ್ಲ. ಯಾವಾಗ ಹೇಳಿದೆ, ಯಾವ ಪ್ರಾಣಿಯ ಬಗ್ಗೆ ಹೇಳಿದೆ ಎನ್ನುವುದೂ ಮಸುಕು. ನಿನ್ನೆ ಪಾಜಿಲ್ ಲಾರಿ ನಿಲ್ಲಿಸಿ, ಚಹಾಕ್ಕೂ ಕೂರದೆ, ಬಾಗಿಲಲ್ಲೇ ನಿಂತು, "ನಿಮ್ಮಣ್ಣನ ಹಸು ದಿಬ್ಬ ಹತ್ತೋದು ಬಿಟ್ಟಿದೆ ಅಕ್ಕಾ, ಮುದುಕಿ ಥರ ನಿಂತ್ ನಿಂತ್ ಹೋಗ್ತದೆ" ಎಂದಾಗ ಆ ಅರ್ಧ ಮಾತು ಎಲ್ಲಿಂದಲೋ ಮೇಲೆ ಬಂತು.

ಕೆಳಗಿನ ಗುಲ್ಚಾದಿಂದ ಎರಡು ಯಾಕ್ ಕೊಟ್ಟು ತಂದ ಹಸು ತಾನೇ ಅದು? ಅಕ್ಮತ್‌ನ ಮನೆಗೆ ಸೊಸೆಯಾಗಿ ಸೇರುವ ಮೊದಲು ನಿನ್ನ ಮಗಳು ಮಾರಾಲ್ ಹಸು ಕರೆಯುವುದನ್ನು ಕಲಿಯಲಿ ಎಂದು ತಂದದ್ದು. ಅಣ್ಣ, ಅದರ ಕೊರಳಿನ ರಕ್ತನಾಳ ನೋಡು. ಕೆಳಗೆ ಜೋಲುವ ಗಂಗೆದೊಗಲನ್ನು ಒತ್ತಿ ನೋಡು. ಕಂಡದ್ದನ್ನು ಬರೆ.

ನಾನು ಪಾಠ ಹೇಳುವ ಸಂಸ್ಥೆಯಲ್ಲಿ ಈ ವರ್ಷ ಜಾಡಿಗಳಲ್ಲಿನ ಹೃದಯಗಳೆಲ್ಲ ಒಣಗಿವೆ. ದ್ರಾವಣ ತರಿಸಲು ದುಡ್ಡಿಲ್ಲ. ವಿದ್ಯಾರ್ಥಿಗಳು ಪೇಟೆಯಿಂದ ಕುರಿಯ ಹೃದಯ ತರುತ್ತಾರೆ. ಕೊಯ್ದು, ಕವಾಟಗಳನ್ನು ಬೆರಳಲ್ಲಿ ಎತ್ತಿ ನೋಡಿ, ಪಾಠ ಮುಗಿದ ಮೇಲೆ ಈರುಳ್ಳಿ ಹಾಕಿ ಹುರಿಯುತ್ತಾರೆ. ಮೊನ್ನೆ ಒಬ್ಬಳು ಕವಾಟದ ಹೆಸರು ಮರೆತಳು. "ಹೆಸರು ಮರ್ತೋಳಿಗೆ ತುಂಡಿಲ್ಲ" ಎಂದು ಉಳಿದವರು ಬಾಣಲೆಯನ್ನೇ ಬಚ್ಚಿಟ್ಟರು. ನಾನು ನಗಲಿಲ್ಲ, ಆದರೆ ಅವಳಿಗೆ ನನ್ನ ಪಾಲು ಕೊಟ್ಟೆ.

ಕಾಗದ ಅಂಟಿಸಿಲ್ಲ. ಅಂಟಿಸಿದರೆ ಗಡಿಯ ಸಿಪಾಯಿಗಳು ಹರಿಯುತ್ತಾರೆ. ಅಂಟಿಸದಿದ್ದರೆ ದಾರಿಯ ಮನೆಗಳೆಲ್ಲ ಓದುತ್ತವೆ. ಎರಡನೆಯದರಲ್ಲಿ ಕಾಗದಕ್ಕೆ ನೋವು ಕಡಿಮೆ.

ಈ ಬೇಸಿಗೆಯೂ ಬರಲಾಗುವುದಿಲ್ಲ. ಪರೀಕ್ಷೆಗಳಿವೆ.

ಬುರುಲ್


ರಂಗ್‌ಕುಲ್, ೨ ಜುಲೈ

ತಂಗೀ,

ನಿನ್ನ ಕಾಗದ ನನ್ನ ಕೈಗೆ ಬರುವ ಮೊದಲೇ ಅದರಲ್ಲಿ ಏನಿದೆ ಎಂದು ಊರಿಗೆ ಗೊತ್ತಿತ್ತು. ಕರಾಕುಲ್‌ನಲ್ಲಿ ಒಂದು ಸಲ ಓದಿದ್ದಾರೆ, ಸಾರಿ-ತಾಶ್‌ನಲ್ಲಿ ಅಕ್ಮತ್‌ನ ಮನೆಯಲ್ಲಿ ಎರಡು ಸಲ. ನಮ್ಮ ಬೀಗಿತ್ತಿ ಪಾಜಿಲ್‌ನ ಸ್ವಂತ ಅಕ್ಕ, ಅವಳ ಮನೆಯಲ್ಲಿ ಚಹಾ ಕುಡಿಯದೆ ಅವನ ಲಾರಿ ಮುಂದೆ ಹೋಗುವುದಿಲ್ಲ. ಓದಿಸಿಕೊಂಡು ಅವಳು ಕೇಳಿದಳಂತೆ: "ಹುಡುಗಿ ತಾಯಿ ಉಸಿರು ಕಟ್ಟಿ ಸತ್ಳಲ್ಲ, ಅದು ಮನೆತನದ್ದಾ? ಏಳು ತಲೆ ಹೆಸರು ಕೇಳಿದ್ವಿ, ಏಳು ತಲೆ ಎದೆ ಕೇಳೋದು ಮರ್ತ್ವಿ. ಇನ್ನೊಬ್ರಿಗೆ ಹಂಗಾಗಿದ್ರೆ ಈಗ್ಲೇ ಹೇಳ್ಬಿಡ್ಲಿ."

ಕೇಳಲಿ. ಪಾಜಿಲ್, ಇದನ್ನೂ ಓದುತ್ತಿದ್ದೀಯ ಎಂದು ಗೊತ್ತು. ನಿನ್ನ ಅಕ್ಕನಿಗೆ ಹೇಳು, ನಮ್ಮ ಮನೆಯಲ್ಲಿ ಕಾಯಿಲೆ ಇರುವುದು ಹಸುವಿಗೆ ಮಾತ್ರ.

ಬುರುಲ್, ನೀನು ಹೇಳಿದ ಹಾಗೆ ನೋಡಿದೆ. ಕೊರಳಿನ ನಾಳ ಹಗ್ಗದ ಹಾಗೆ ಎದ್ದಿದೆ. ಗಂಗೆದೊಗಲು ಊದಿ ಜೋತು ಬಿದ್ದಿದೆ. ಒತ್ತಿದರೆ ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ ಗುಳಿ ಉಳಿಯುತ್ತದೆ. ಮೇಯುವುದು ಕಡಿಮೆ. ಮಾರಾಲ್‌ಗೆ ಮಾತ್ರ ಅದರ ಮೇಲೆ ಮರ್ಯಾದೆ ಇಲ್ಲ. "ಇದೇನಪ್ಪಾ, ಕರು ಮುಂದಿಲ್ದಿದ್ರೂ ಹಾಲು ಕೊಡ್ತದೆ. ಯಾಕ್‌ಗಿರೋ ಮಾನ ಇದಕ್ಕಿಲ್ಲ" ಅನ್ನುತ್ತಾಳೆ.

ನನ್ನ ವಿಷಯ ಬಿಡು. ಮುಖ ಕೆಂಪಗಿದೆ, ಮದುಮಗಳಿಗಿಂತ ಕೆಂಪು. "ತಾಶ್ತಾನ್, ನಿಂಗೂ ಒಂದು ಹೆಣ್ಣು ನೋಡೋಣ್ವಾ" ಎಂದು ಮಸೀದಿಯ ಮುಂದೆ ಕೂತ ಮುದುಕರು ಕೇಳುತ್ತಾರೆ.

ನೀನು ಬಂದು ಹನ್ನೊಂದು ವರ್ಷವಾಯಿತು. ಪ್ರತಿ ವರ್ಷ ಪರೀಕ್ಷೆ. ಓಷ್‌ನ ಏಪ್ರಿಕಾಟ್ ತಿಂದವರಿಗೆ ನಮ್ಮ ಗಾಳಿ ಸಪ್ಪೆ. ಅಕ್ಟೋಬರ್‌ನಲ್ಲಿ ಮಗಳನ್ನು ಕಳಿಸುತ್ತಿದ್ದೇನೆ. ಸಾರಿ-ತಾಶ್‌ನ ಮದುವೆಗಾದರೂ ಪರೀಕ್ಷೆ ಅಡ್ಡ ಬಾರದಿರಲಿ.

ತಾಶ್ತಾನ್


ಓಷ್, ೨೦ ಜುಲೈ

ಅಣ್ಣ,

ಹೃದಯ ಒಂದು ಎನ್ನುವುದು ಮಾತಿನ ರೂಢಿ. ಕೊಯ್ದು ನೋಡಿದವರಿಗೆ ಅವು ಎರಡು, ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತ ಎರಡು. ಎಡದ್ದು ಇಡೀ ಮೈಗೆ ರಕ್ತ ತಳ್ಳುತ್ತದೆ. ಅದರ ಗೋಡೆ ದಪ್ಪ. ಬಲದ್ದಕ್ಕೆ ಪಕ್ಕದ ಮನೆಗೆ ಹೋಗಿ ಬರುವಷ್ಟೇ ಕೆಲಸ: ರಕ್ತವನ್ನು ಶ್ವಾಸಕೋಶಕ್ಕೆ ಕಳಿಸಿದರೆ ಮುಗಿಯಿತು. ಅದರ ಗೋಡೆ ತೆಳು. ವಿದ್ಯಾರ್ಥಿಗಳು ಅದನ್ನು ಸೋಮಾರಿ ಎನ್ನುತ್ತಾರೆ. ನಾನು ತಿದ್ದುವುದಿಲ್ಲ.

ಶ್ವಾಸಕೋಶಕ್ಕೆ ಒಂದು ಅಭ್ಯಾಸವಿದೆ. ಯಾವ ಮೂಲೆಗೆ ಗಾಳಿ ಸರಿಯಾಗಿ ಬರುವುದಿಲ್ಲವೋ ಆ ಮೂಲೆಯ ಸಣ್ಣ ನಾಳಗಳನ್ನು ಅದು ಬಿಗಿದುಕೊಳ್ಳುತ್ತದೆ. ಗಾಳಿ ಇಲ್ಲದಲ್ಲಿಗೆ ರಕ್ತ ಕಳಿಸಿ ಏನು ಪ್ರಯೋಜನ? ಒಂದು ಮೂಲೆಗಾದರೆ ಇದು ಜಾಣತನ. ನಿಮ್ಮ ಎತ್ತರದಲ್ಲಿ ಎಲ್ಲ ಮೂಲೆಗಳಲ್ಲೂ ಗಾಳಿ ತೆಳು. ಆಗ ಎಲ್ಲ ನಾಳಗಳೂ ಒಟ್ಟಿಗೇ ಬಿಗಿಯುತ್ತವೆ. ಕಳ್ಳನಿಗೆ ಹೆದರಿ ಬಾಗಿಲೆಲ್ಲ ಮುಚ್ಚಿ ಮನೆಯವರೇ ಒಳಗೆ ಉಸಿರುಕಟ್ಟಿಕೊಂಡ ಹಾಗೆ. ಸೋಮಾರಿ ಎನಿಸಿಕೊಂಡ ಬಲಭಾಗ ಮುಚ್ಚಿದ ಬಾಗಿಲುಗಳನ್ನು ಹಗಲಿರುಳು ತಳ್ಳುತ್ತದೆ. ತಳ್ಳಿ ತಳ್ಳಿ ದಪ್ಪವಾಗುತ್ತದೆ, ಆಮೇಲೆ ಹಳೆಯ ಚೀಲದ ಹಾಗೆ ಹಿಗ್ಗುತ್ತದೆ, ಆಮೇಲೆ ಸೋಲುತ್ತದೆ. ಮುಂದೆ ಹೋಗಲಾರದ ರಕ್ತ ಹಿಂದೆ ನಿಲ್ಲುತ್ತದೆ: ಕೊರಳಲ್ಲಿ, ಹೊಟ್ಟೆಯಲ್ಲಿ, ಕಾಲಿನಲ್ಲಿ. ಅದರ ನೀರು ಒಸರಿ ಗಂಗೆದೊಗಲಿಗೆ ಇಳಿಯುತ್ತದೆ. ಜೊತೆಗೆ, ಗಾಳಿ ಸಾಲದೆಂದು ಮೈ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ. ಹೊರುವವರು ಹೆಚ್ಚಾದಷ್ಟೂ ದಾರಿ ಇಕ್ಕಟ್ಟು, ರಕ್ತ ಮಂದವಾಗುತ್ತದೆ.

ಯಾಕ್‌ಗಳಿಗೆ ಹೀಗಾಗುವುದಿಲ್ಲ. ಅವುಗಳ ಶ್ವಾಸಕೋಶದ ನಾಳಗಳು ಬಿಗಿಯುವುದನ್ನೇ ಮರೆತಂತಿವೆ. ಕೆಲವು ಮರೆವುಗಳು ಕಾಪಾಡುತ್ತವೆ. ಮನುಷ್ಯರ ವಿಷಯ ಎರಡರ ನಡುವಿನದು. ಅಲ್ಲೇ ಹುಟ್ಟಿ ಬೆಳೆದವರಲ್ಲೂ ಕೆಲವರಿಗೆ ವಯಸ್ಸು ಇಳಿಯುವಾಗ ಹೀಗಾಗುತ್ತದೆ. (ಎಡಭಾಗದ ಕವಾಟ ಬಿಗಿದರೂ ರಕ್ತ ಹಿಂದೆ ನಿಲ್ಲುತ್ತದೆ, ಆದರೆ ಅದು ಬೇರೆ ಪಾಠ. ಹಸುವಿಗೆ ಸಂಬಂಧಿಸಿದ್ದಲ್ಲ.)

ಔಷಧಿ ಕೇಳಬೇಡ. ಹಸುವನ್ನು ಕೆಳಗಿಳಿಸು. ಇಳಿದರೆ ನಾಳಗಳು ತಾವೇ ಸಡಿಲುತ್ತವೆ. ತಡವಾದರೆ ಇಳಿಸಿದರೂ ಸಡಿಲುವುದಿಲ್ಲ.

ನಿನ್ನ ಮುಖ ಕೆಂಪಗಿದೆ ಎಂದು ಓದಿ ಸಂತೋಷವಾಯಿತು.

ಬುರುಲ್


ರಂಗ್‌ಕುಲ್, ೧೯ ಆಗಸ್ಟ್

ತಂಗೀ,

ಇದು ಮಾರಾಲ್‌ಳ ಅಕ್ಷರ. ನನ್ನ ಕನ್ನಡಕ ಒಡೆದಿದೆ, ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ.

ಹಸುವಿಗೆ ಕಡಿಮೆಯಾಗಿಲ್ಲ. ಹಿರಿಯರು ಮಾಡುತ್ತಿದ್ದ ಹಾಗೆ ನಾಳ ಕೊಯ್ದು ಒಂದು ಬಟ್ಟಲು ರಕ್ತ ತೆಗೆಸಿದೆ. ರಕ್ತವೋ ಹಿಪ್ಪುನೇರಳೆಯ ಪಾಕವೋ ಎನ್ನುವ ಹಾಗೆ ನಿಧಾನಕ್ಕೆ, ಕಪ್ಪಗೆ ಬಂತು. ಎರಡು ದಿನ ಹಗುರ. ಆಮೇಲೆ ಮತ್ತೆ ಅದೇ. ಬೆಳಗೆದ್ದರೆ ತಲೆಭಾರ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಚಪ್ಪಟೆ ಮಲಗಿದರೆ ಉಸಿರು ಸಿಗುವುದಿಲ್ಲ, ಯಾರೋ ಎದೆಯ ಮೇಲೆ ಕೂತ ಹಾಗೆ. ಮೊದಲು ಒಂದು ದಿಂಬು ಸಾಕಾಗುತ್ತಿತ್ತು, ಈಗ ಮೂರು ಬೇಕು. ಮೂರು ಇಟ್ಟು ಒರಗಿಸಿದರೆ ಹೇಗೋ ನಿದ್ದೆ ಬರುತ್ತದೆ.

ಕೆಳಗಿಳಿಸು ಎಂದಿದ್ದೀಯ. ಹಸು ಒಪ್ಪುವುದಿಲ್ಲ. ಮದುವೆ ಮುಗಿಯಲಿ ಎನ್ನುತ್ತದೆ. ಯಾಕ್‌ಗಳನ್ನು ಯಾರ ಕೈಗೆ ಬಿಡಲಿ ಎಂದು ಕೇಳುತ್ತದೆ. ಅವನ್ನು ಜೊತೆಗೆ ಕರೆದುಕೊಂಡು ಬರೋಣವೆಂದರೆ ಓಷ್‌ನ ಬಿಸಿಲಿಗೆ ಅವು ಒಂದು ವಾರ ಬದುಕುವುದಿಲ್ಲ. ಹಸುವಿಗೆ ಇದೆಲ್ಲ ಗೊತ್ತು.

ಪಾಜಿಲ್, ನಗಬೇಡ. ಓದಿ ಮುಂದೆ ಹೋಗು.

ತಾಶ್ತಾನ್

ಅತ್ತೆ, ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ದಿಂಬುಗಳು ನನ್ನ ಮದುವೆ ಗಂಟಿನವು, ನಾನೇ ಕಸೂತಿ ಹಾಕಿದವು. ಹಸು ಅವನ್ನು ಬಿಡದಿದ್ದರೆ ಗಂಟಿನಲ್ಲಿ ಮೂರು ಕಡಿಮೆಯಾಗುತ್ತವೆ. ಬೀಗರು ಕೇಳಿದರೆ ಏನು ಹೇಳಲಿ?


ಓಷ್, ೩ ಸೆಪ್ಟೆಂಬರ್

ಅಣ್ಣ,

ನಿನ್ನ ಕಾಗದವನ್ನು ಪಾಜಿಲ್ ನನಗೆ ಬಾಯಲ್ಲೇ ಒಪ್ಪಿಸಿದ. ಸಾರಿ-ತಾಶ್‌ನಲ್ಲಿ ಬೀಗಿತ್ತಿ ಹೊಟ್ಟೆ ಹಿಡಿದು ನಕ್ಕಳಂತೆ. "ಹೆಂಡ್ತಿ ಇಲ್ದೋನು ಹಸುಗೆ ಹಾಸಿಗೆ ಹಾಸ್ತಾನೆ. ಚಳಿಗಾಲಕ್ಕೆ ಕೋಟೂ ಹೊಲಿಸ್ತಾನೆ ನೋಡ್ತಿರು!" ಪಾಜಿಲ್ ಇದನ್ನು ಹೇಳಿ ನನ್ನ ಮುಖ ನೋಡಿದ. ನಾನೂ ನಕ್ಕೆ. ಅವನು ಹೋದ ಮೇಲೆ ಕಾಗದವನ್ನು ನಾನೇ ಓದಿದೆ.

ನಿನ್ನ ಹಸು ಬಹಳ ಮಾತನಾಡುತ್ತದೆ. ಕಿವಿಯೊಳಗಿನ ಸದ್ದನ್ನೂ ನಿನಗೆ ಹೇಳಿದೆ.

ಇಪ್ಪತ್ತು ವರ್ಷದಿಂದ ನಾನು ಇದನ್ನೇ ಕಲಿಸುತ್ತಿದ್ದೇನೆ. ಆದರೂ ಜುಲೈನ ಕಾಗದದ ಕೊನೆಯಲ್ಲಿ ಒಂದು ವಾಕ್ಯ ಬರೆದೆ, ನಿನ್ನ ಕೆಂಪು ಮುಖದ ಬಗ್ಗೆ. ಆ ವಾಕ್ಯವನ್ನು ನನಗೆ ವಾಪಸು ಕೊಡು.

ಈಗ ಹಸುವಿನ ವಿಷಯ. ಹೆಣ್ಣಿನ ತಂದೆ ದಿಬ್ಬಣದ ಲಾರಿ ಹತ್ತುವುದಿಲ್ಲ, ಅದು ನನಗೂ ಗೊತ್ತು. ಹತ್ತಿದರೆ ಮಗಳ ಬೆಲೆ ಎಣಿಸಿಕೊಳ್ಳಲು ಬಂದ ಎಂದು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಆದರೆ ಹಸು ಹತ್ತಬಹುದು. ಪೆಟ್ಟಿಗೆಗಳ ಹಿಂದೆ, ಕಂಬಳಿಗಳ ನಡುವೆ ಒರಗಿಕೊಂಡು ಬರಬಹುದು. ಸಾರಿ-ತಾಶ್‌ನಲ್ಲಿ ಊಟದ ಗದ್ದಲದಲ್ಲಿ ಯಾರೂ ಹಸುವಿನ ಉಸಿರು ಎಣಿಸುವುದಿಲ್ಲ. ಮರುದಿನ ನಾನು ಅದನ್ನು ಓಷ್‌ಗೆ ಇಳಿಸಿಕೊಳ್ಳುತ್ತೇನೆ. ಮೊದಲ ಹಿಮ ಬಿದ್ದ ಮೇಲೆ ಲಾರಿ ಇರುವುದಿಲ್ಲ, ದಾರಿಯೂ ಇರುವುದಿಲ್ಲ. ಇನ್ನೊಂದು ಚಳಿಗಾಲವನ್ನು ಆ ಬಲಭಾಗ ತಳ್ಳಲಾರದು.

ಇದನ್ನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ದಿಬ್ಬಣದ ಲಾರಿಯಲ್ಲಿ ಹಸು ಇಲ್ಲದಿದ್ದರೆ ಅದೇ ಲಾರಿ ತಿರುಗುವಾಗ ನಾನು ಹತ್ತುತ್ತೇನೆ. ರಂಗ್‌ಕುಲ್‌ಗೆ ಬಂದು ನಾನೇ ಅದರ ಮೂಗುದಾರ ಹಿಡಿಯುತ್ತೇನೆ.

ಬುರುಲ್


ರಂಗ್‌ಕುಲ್, ೨೮ ಸೆಪ್ಟೆಂಬರ್

ತಂಗೀ,

ನೀನು ಬರಬೇಡ. ಹಸು ಲಾರಿಯಲ್ಲಿ ಇರುತ್ತದೆ. ಮಾತು ಕೊಟ್ಟಿದ್ದೇನೆ.

ಯಾಕ್‌ಗಳ ವ್ಯವಸ್ಥೆ ಆಗಿದೆ. ಮದುವೆಯ ಊಟ ೨೦ ಅಕ್ಟೋಬರ್‌ಗೆ. ಸಾರಿ-ತಾಶ್ ತನಕ ಬಾ, ದಪ್ಪ ಶಾಲು ಹೊದ್ದು ಬಾ, ಘಾಟಿಯ ನೆತ್ತಿಯಲ್ಲಿ ಲಾರಿಯಿಂದ ಇಳಿಯಬೇಡ. ಸಾರಿ-ತಾಶ್ ದಾಟಿ ಒಂದು ಹೆಜ್ಜೆಯೂ ಮೇಲೆ ಇಡಬೇಡ.

ಕನ್ನಡಕ ಇನ್ನೂ ಸರಿಯಾಗಿಲ್ಲ. ಅಕ್ಷರ ದೊಡ್ಡದಾಗಿದ್ದರೆ ಅದಕ್ಕೇ.

ತಾಶ್ತಾನ್


ಗುಲ್ಚಾ, ೯ ನವೆಂಬರ್

ಅಣ್ಣ,

ಈ ಕಾಗದವನ್ನು ಅಂಟಿಸುತ್ತೇನೆ. ಮದುವೆಯಾಯಿತು, ಇನ್ನು ಮುಚ್ಚಿಡಬೇಕಾದ್ದು ಏನೂ ಇಲ್ಲ, ಆದ್ದರಿಂದ ಮುಚ್ಚಬಹುದು. ಹಿಮ ಬಿದ್ದು ದಾರಿ ಕಟ್ಟಿದೆ. ವಸಂತದವರೆಗೆ ಯಾವ ಸಿಪಾಯಿಯೂ ಇದನ್ನು ಹರಿಯುವುದಿಲ್ಲ.

ಎಡಭಾಗದ ಕವಾಟ ಬೇರೆ ಪಾಠ ಎಂದು ಬರೆದಿದ್ದೆ. ಆ ಪಾಠ ನನ್ನದು. ಚಿಕ್ಕವಳಿದ್ದಾಗ ಕೀಲು ಊದಿ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ಆ ಕವಾಟವನ್ನು ಅರ್ಧ ಹೊಲಿದು ಹೋಯಿತು. ತಾಲ್ದಿಕ್ ಘಾಟಿಯನ್ನು ದಾಟಬೇಡಿ ಎಂದು ವೈದ್ಯರು ಹೇಳಿ ಹನ್ನೊಂದು ವರ್ಷ. ಪರೀಕ್ಷೆಗಳು ಇದ್ದದ್ದು ನಿಜ. ಅವು ಯಾವ ವರ್ಷವೂ ಬೇಸಿಗೆಯಿಡೀ ಇರಲಿಲ್ಲ.

ಮದುವೆಗೆ ಆ ಘಾಟಿಯನ್ನು ದಾಟಿಯೇ ಹೋದೆ. ನಿನ್ನನ್ನು ಲಾರಿಯಿಂದ ಇಳಿಸಿಕೊಳ್ಳಲು ಹೋದೆ. ಯಾಕ್‌ಗಳ ವ್ಯವಸ್ಥೆ ಆಗಿದೆ ಎಂದು ನೀನು ಬರೆದದ್ದನ್ನು ನಾನು ನನಗೆ ಬೇಕಾದ ಹಾಗೆ ಓದಿದ್ದೆ. ಒರಗಿಕೊಳ್ಳಲು ಒಂದು ಮಡಚುವ ಕುರ್ಚಿ, ಉಣ್ಣೆಯ ಕಾಲುಚೀಲ, ಓಷ್ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ ಚೀಟಿ, ಎಲ್ಲ ನನ್ನ ಕೈಯಲ್ಲಿತ್ತು.

ಲಾರಿ ಮಧ್ಯಾಹ್ನ ಬಂತು. ಮಾರಾಲ್ ಮುಂದಿನಿಂದ ಇಳಿದಳು. ಹೆಂಗಸರು ಅವಳನ್ನು ಮುಸುಕಿನಲ್ಲಿ ಸುತ್ತಿ ಒಳಗೆ ಕರೆದುಕೊಂಡು ಹೋದರು. ಪಾಜಿಲ್ ನನ್ನನ್ನು ನೋಡಿ, "ಏನಕ್ಕಾ, ಶಾಯಿ ಕುಡ್ದಿದ್ದೀರಾ? ತುಟಿ ಹಿಂಗಾಗಿದೆ" ಎಂದ. "ಹಿಂದಿನ ಬಾಗ್ಲು ತೆಗಿ" ಎಂದೆ. ತೆಗೆದ.

ಪೆಟ್ಟಿಗೆಗಳ ಹಿಂದೆ, ಕಂಬಳಿಗಳ ನಡುವೆ ಹಸು ನಿಂತಿತ್ತು.

ಗಂಗೆದೊಗಲು ಮೊಣಕಾಲು ಮುಟ್ಟುತ್ತಿತ್ತು. ಕೊರಳಿನ ನಾಳ ನೀನು ಬರೆದ ಹಾಗೇ, ಹಗ್ಗದ ಹಾಗೆ. ನಾನು ಹಸುವನ್ನು ಸುತ್ತಿ ಹೋಗಿ ಅದರ ಹಿಂದೆ ನೋಡಿದೆ, ಕಂಬ‌ಳಿ ಎತ್ತಿ ನೋಡಿದೆ. ಬೀಗಿತ್ತಿ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಇವ್ಳೇನಾ ದಿಂಬಿನ್ ಮೇಲೆ ಮಲಗೋ ಮಹಾರಾಣಿ? ನಿಮ್ಮಣ್ಣ ನಮಗೆ ಹಸು ಕಳಿಸಿದ್ನೋ, ಗಂಟಲು ಗಡ್ಡೆ ಕಳಿಸಿದ್ನೋ?" ಎಲ್ಲರೂ ನಕ್ಕರು. ಹಸುವಿಗೆ ನಗು ಇಷ್ಟವಾಗಲಿಲ್ಲ. ಕೆಮ್ಮಿತು.

ಆಮೇಲೆ ಅಂಗಳದಲ್ಲಿ ಗಂಟು ಬಿಚ್ಚಿದರು. ನಿನಗೆ ಗೊತ್ತಲ್ಲ, ಒಂದೊಂದನ್ನೂ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ ಕೂಗಿ ಎಣಿಸುವುದು. ದಿಂಬಿನ ಸರದಿ ಬಂದಾಗ ಬೀಗಿತ್ತಿ ತಡೆದಳು. "ಒಂಬತ್ತು. ಹನ್ನೆರಡು ಅಂತ ಮಾತಾಗಿತ್ತು." ಮುಸುಕಿನೊಳಗಿಂದ ಮಾರಾಲ್, ಮದುಮಗಳು ಮಾತನಾಡಬಾರದು ಎನ್ನುವುದನ್ನೂ ಮರೆತು, "ಮೂರು ಹಸು ತಿಂತು" ಎಂದಳು. ಅಂಗಳವೆಲ್ಲ ಮತ್ತೆ ನಕ್ಕಿತು. ಬೀಗಿತ್ತಿಯೂ ನಕ್ಕಳು. ನಿನ್ನ ಮಗಳು ಅಲ್ಲಿ ಬದುಕುತ್ತಾಳೆ.

ಸಂಜೆ ಒಲೆಯ ಹತ್ತಿರ ಇಬ್ಬರೇ ಆದಾಗ ಕೇಳಿದೆ. "ಹಸುನ ನಾಲ್ಕು ಜನ ಎತ್ತಿ ಹಾಕಿದ್ರು ಅತ್ತೆ" ಎಂದಳು. "ಹತ್ತೋಕೇ ಆಗ್ತಿರ್ಲಿಲ್ಲ ಅದಕ್ಕೆ. ಲಾರೀಲಿ ಹಸು ಕಾಣ್ಲಿಲ್ಲಾಂದ್ರೆ ನಿಮ್ಮತ್ತೆ ಮೇಲೆ ಬಂದ್ಬಿಡ್ತಾಳೆ, ಬಂದ್ರೆ ಉಳಿಯಲ್ಲ ಅಂದ ಅಪ್ಪ. ನೀನು ಚಿಕ್ಕೋಳಿದ್ದಾಗ ಆಡಿನ ಹಿಂದೆ ಓಡಿ ನೀಲಿಗಟ್ಟಿ ಬಿದ್ದಿದ್ಯಂತಲ್ಲ. ಎದೆ ಮೊದ್ಲು ಹೆದರ್ತದೆ, ಕಾಲು ಆಮೇಲೆ. ಎದೆ ಹೆದರಿದೋರನ್ನ ಎಳೀಬಾರ್ದು, ಹೊತ್ಕೊಂಡು ಇಳಿಸ್ಬೇಕು. ಹಂಗಂತಾನೆ ಯಾವಾಗ್ಲೂ."

ಹಾಗಾದರೆ ಅದು ಯಾವ ಪ್ರಾಣಿಯ ಬಗ್ಗೆ ಹೇಳಿದ ಮಾತೂ ಅಲ್ಲ. ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ಇಳಿಯುವಾಗ ಹೇಳಿದ್ದು. ನಿನ್ನ ಬೆನ್ನು ಕುಲುಕುತ್ತಿದ್ದುದರಿಂದ ಅರ್ಧವಷ್ಟೇ ಕೇಳಿಸಿರಬೇಕು. ನಿನಗೆ ಮೊದಲಿನಿಂದಲೂ ಗೊತ್ತಿತ್ತು. ಏಪ್ರಿಕಾಟಿನ ಕುಹಕ, ಸಪ್ಪೆ ಗಾಳಿಯ ಕುಹಕ, ಎಲ್ಲ ನನಗಾಗಿ ನೀನು ಹುಡುಕಿಟ್ಟ ನೆಪಗಳು. ನಾನು ಅವಕ್ಕೆ ಬೇಸರಪಟ್ಟುಕೊಂಡು ಕೂತಿದ್ದೆ.

ಮರುದಿನ ಬೆಳಿಗ್ಗೆ ಲಾರಿಯ ಬಳಿ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಪಾಜಿಲ್ ಬೀಗದ ಕೈಯನ್ನು ಜೇಬಿಗಿಳಿಸಿದ. "ಇಳೀರಿ ಅಕ್ಕಾ. ನಿಮ್ಮನ್ನ ಮೇಲೆ ಕರ್ಕೊಂಡ್ ಬರಲ್ಲ ಅಂತ ರೊಟ್ಟಿ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದಾನೆ ನಿಮ್ಮಣ್ಣ. ನಾನು ಎಲ್ರ ಕಾಗದ ಓದ್ತೀನಿ ನಿಜ, ರೊಟ್ಟಿ ಮೇಲಿನ್ ಆಣೆ ಮುರಿಯಲ್ಲ." "ಹಾಗಾದ್ರೆ ನೀನೇ ಹೋಗಿ ಅಣ್ಣನ್ನ ಕರ್ಕೊಂಡು ಬಾ" ಎಂದೆ. ಹೊರಟ. ಕಿಜಿಲ್-ಆರ್ಟ್‌ನ ಘಾಟಿಯ ಬುಡದಲ್ಲಿ ಹಿಮ ಅವನನ್ನು ತಿರುಗಿಸಿತು. ನನ್ನ ಎದುರು ಬಂದು ಬಾಯಿಬಿಟ್ಟ. ಮೂರು ದಿಂಬು ಯಾರಿಗೆ ಎನ್ನುವುದು ಆಗಸ್ಟ್‌ನಲ್ಲೇ ಅವನಿಗೆ ಗೊತ್ತಾಗಿತ್ತಂತೆ. ತನ್ನ ಅಕ್ಕನಿಗೆ ಓದಿ ಹೇಳುವಾಗ ನಗಿಸುತ್ತ ಓದಿದನಂತೆ.

ಹಸುವನ್ನು ಬೀಗಿತ್ತಿ ಸಂತೋಷದಿಂದಲೇ ಬಿಟ್ಟುಕೊಟ್ಟಳು. ಗುಲ್ಚಾದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮನೆಯ ಹಿಂದೆ ಕಟ್ಟಿದ್ದೇನೆ. ಅದನ್ನು ನೋಡಲೆಂದೇ ಇವತ್ತು ಬಂದೆ. ಗಂಗೆದೊಗಲು ಒಣಗಿದೆ, ಚರ್ಮ ಸಡಿಲವಾಗಿ ಮಡಿಕೆ ಬಿದ್ದಿದೆ. ಕೊರಳಿನ ನಾಳವನ್ನು ಹುಡುಕಬೇಕಾಯಿತು. ಬೆಳಿಗ್ಗೆ ನನ್ನನ್ನು ಕಂಡು ಹುಲ್ಲಿನ ಮೆದೆಯವರೆಗೆ ಓಡಿತು. ಓಡಿತು, ಅಣ್ಣ. ಇಳಿದರೆ ಸಡಿಲುತ್ತದೆ ಎಂದು ನಾನು ಬರೆದದ್ದು ನಿಜವಾಗಿತ್ತು. ಅದು ನಿಜವಾದದ್ದನ್ನು ನೋಡುತ್ತ ಬಹಳ ಹೊತ್ತು ಬೇಲಿಯ ಬಳಿ ನಿಂತಿದ್ದೆ.

ಎದೆ ಹೆದರಿದವರನ್ನು ಹೊತ್ತು ಇಳಿಸಬೇಕು ಎನ್ನುವವನು ನೀನು. ಹಸುವನ್ನು ನಾಲ್ಕು ಜನ ಹೊತ್ತರು. ನನ್ನನ್ನು ನೀನು ಹೊತ್ತೆ. ಮಾರಾಲ್ ಇಲ್ಲದ ಆ ಮನೆಯಲ್ಲಿ ಈಗ ಒಲೆಗೆ ಸಗಣಿ ಒಟ್ಟುವವರು ಯಾರು, ಬಾಗಿಲ ಹಿಮ ತೆಗೆಯುವವರು ಯಾರು, ಕೇಳಲು ಹೋಗುವುದಿಲ್ಲ. ಹೊರಗೆ ಯಾಕ್‌ಗಳು ಹಿಮದಲ್ಲಿ ಆರಾಮವಾಗಿ ಮಲಗಿರುತ್ತವೆ. ಅವಕ್ಕೆ ಬಿಗಿಯುವುದು ಗೊತ್ತಿಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ. ನೀನು ಸುಳ್ಳು ಹೇಳಿದರೂ ನನಗೆ ಗೊತ್ತಾಗುತ್ತದೆ, ಆದರೂ ಹೇಳು. ರಾತ್ರಿ ಒರಗುವಾಗ ಇನ್ನೂ ಆ ಮೂರೇ ದಿಂಬು ಸಾಕಾಗುತ್ತಿವೆಯೇ, ಅಣ್ಣಾ?